ಕಂಪ್ಯೂಟರ್ ಆರಿಸಿದ ಸೆಕ್ರೆಟರಿ

ಕೊಟ್ಟಾರದ ಆ ಫ್ಲ್ಯಾಟಿನವರ ಸಂಘಕ್ಕೆ ಸೆಕ್ರೆಟರಿ ಆಗುವುದೆಂದರೆ ಮೈಗೆ ತುರಿಕೆ ಸೊಪ್ಪು ಸವರಿಕೊಂಡ ಹಾಗೆ. ಟ್ಯಾಂಕಿ ತುಂಬಿ ಹರಿದರೂ, ಲಿಫ್ಟ್ ನಿಂತರೂ ಬೈಗುಳ ಅವನಿಗೇ. ಹಾಗಾಗಿ ಪ್ರತಿ ವರ್ಷ ಚೀಟಿ ಎತ್ತುತ್ತಿದ್ದರು. ಹೋದ ವರ್ಷ ಚೀಟಿಗೆ ತೆಂಗಿನೆಣ್ಣೆಯ ಗುರುತಿತ್ತೆಂದು ಮಟಿಲ್ಡಾ ಬಾಯಿ ರಾದ್ಧಾಂತ ಮಾಡಿದ್ದರು. ಈ ಸಲ ಸಾಫ್ಟ್‌ವೇರ್ ಶ್ರೀನಂದನ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡ: “ಕಂಪ್ಯೂಟರಿನಲ್ಲಿ ಎತ್ತುವ!”

ಸಭೆಗೆ ಹೊರಡುವಾಗ ಹೆಂಡತಿ ರಂಜಿನಿ ಎಚ್ಚರಿಸಿದಳು. “ನಿಮ್ಮ ಹೆಸರು ಬಂದರೆ ನಾನು ತಾಯಿಮನೆಗೆ ಹೋಗ್ತೇನೆ, ನೋಡಿ.”

ಎಲ್ಲರೆದುರು ಶ್ರೀನಂದನ ಗುಂಡಿ ಒತ್ತಿದ. ಎರಡನೇ ಮಹಡಿಯ ಲೋಕಯ್ಯನವರ ಹೆಸರು ಬಂತು. ಚಪ್ಪಾಳೆಯೋ ಚಪ್ಪಾಳೆ! ಶ್ರೀನಂದನ ಮಾತ್ರ ಪರದೆಯತ್ತ ಬಗ್ಗಿ ಮತ್ತೊಮ್ಮೆ ನೋಡಿದ. ಬೆಳಿಗ್ಗೆ ಮನೆಯಲ್ಲಿ ಪರೀಕ್ಷಿಸಿದಾಗಲೂ ಇದೇ ಹೆಸರು. ಅಡ್ಡಾದಿಡ್ಡಿ ಸಂಖ್ಯೆ ಕೊಡುವ ಆ ಪ್ರೋಗ್ರಾಮಿನ ಗುಣವೇ ಅದು: ಆರಂಭಕ್ಕೆ ಒಂದೇ ಅಂಕಿ ಕೊಟ್ಟರೆ ಪ್ರತಿ ಸಲವೂ ಒಂದೇ ಉತ್ತರ. ಪರೀಕ್ಷೆಗೆಂದು ಕೊಟ್ಟ ಅಂಕಿಯನ್ನು ತೆಗೆಯಲು ಮರೆತಿದ್ದ. ಹೇಳಲೇ? ಬೇಡಪ್ಪ, ಬಂದದ್ದು ತನ್ನ ಹೆಸರಲ್ಲವಲ್ಲ! ಉಸ್ಸಪ್ಪಾ ಎಂದು ಕುಳಿತ.

ಲೋಕಯ್ಯ ಬಿಡಬೇಕಲ್ಲ? “ಇನ್ನೊಮ್ಮೆ ಒತ್ತು ಮಾರಾಯ, ನೋಡುವ.”

“ಯಾಕೆ ಲೋಕಯ್ಯಣ್ಣ, ಬಂದಾಯ್ತಲ್ಲ...”

ಅವರೇ ಎದ್ದು ಬಂದು ಒತ್ತಿದರು. ಲೋಕಯ್ಯ. ಮತ್ತೆ ಒತ್ತಿದರು. ಲೋಕಯ್ಯ!

“ಇದೆಂತದು, ನನ್ನದೇ ನಾಮಜಪ?”

“ಎಣ್ಣೆಗಿಂತ ದೊಡ್ಡ ಮೋಸ!” ಮಟಿಲ್ಡಾ ಬಾಯಿ ಸೊಂಟಕ್ಕೆ ಕೈಯಿಟ್ಟು ನಿಂತರು.

ಶ್ರೀನಂದನ ಬೆವರುತ್ತ ಎಲ್ಲ ಒಪ್ಪಿಕೊಂಡ. “ಬೇಕಂತ ಮಾಡಿದ್ದಲ್ಲ, ದೇವರಾಣೆ. ಈಗಲೇ ತೆಗೀತೇನೆ. ಇನ್ನು ಯಾರ ಹೆಸರು ಬರ್ತದೆ ಅಂತ ನನಗೂ ಗೊತ್ತಿಲ್ಲ.”

ಪ್ರೋಗ್ರಾಮಿನಲ್ಲಿ ಆ ಅಂಕಿಯಿದ್ದ ಸಾಲು ಅಳಿಸಿದ ಮೇಲೆ ಮನಸ್ಸು ಹಗುರಾಯಿತು. ಇಷ್ಟು ಮನೆಗಳಿರುವಾಗ ತನ್ನದೇ ಯಾಕೆ ಬರಬೇಕು? ಧೈರ್ಯವಾಗಿ ಒತ್ತಿದ.

ಶ್ರೀನಂದನ.

“ಪಾಪ, ಪ್ರಾಮಾಣಿಕ ಹುಡುಗ!” ಮಟಿಲ್ಡಾ ಬಾಯಿ ಕರಗಿಹೋದರು. “ಮೋಸ ಮಾಡುವವ ತನ್ನದೇ ಹೆಸರು ತರಿಸ್ತಾನಾ?”

“ಇನ್ನೊಮ್ಮೆ ಒತ್ತುವ! ಈಗ ಬೇರೆ ಹೆಸರು ಬರ್ತದೆ!” ಶ್ರೀನಂದನ ಗೋಗರೆದ.

“ಬರ್ತದೆ ಮಾರಾಯ, ನಿನ್ನ ಮೇಲೆ ಪೂರ್ತಿ ನಂಬಿಕೆ ಉಂಟು,” ಎಂದು ಲೋಕಯ್ಯ ಲ್ಯಾಪ್‌ಟಾಪ್ ಮುಚ್ಚಿದರು. “ಅದಕ್ಕೇ ಒತ್ತುವುದು ಬೇಡ.”

ಇಡೀ ಸಭೆ ನಿರಾಳವಾಗಿ ಉಸಿರುಬಿಟ್ಟು ಬಿಸಿ ಗೋಳಿಬಜೆಯ ತಟ್ಟೆಗಳತ್ತ ನಡೆಯಿತು. ಶ್ರೀನಂದನ ಇನ್ನೂ ವೈರ್ ಸುತ್ತುತ್ತಿದ್ದ, ಅಷ್ಟರಲ್ಲಿ ಆ ಕಡೆಯಿಂದ ಮಟಿಲ್ಡಾ ಬಾಯಿ ಕೂಗಿದರು: “ಸೆಕ್ರೆಟರಿಯವರೇ, ಚಟ್ನಿ ಎಂತ ಇಷ್ಟು ನೀರು?”