ಎರಡು ಅಂದರೆ ಎರಡು ಕಿಲೋಮೀಟರ್

ಡೌವೆ ಹೂಕೆಮಾನ ತಕರಾರು ಇದ್ದದ್ದು ದೇವರ ಮೇಲಲ್ಲ, ಹೆಂಡತಿಯ ಮೇಲೂ ಅಲ್ಲ. ಶೇಕಡಾ ಹತ್ತರ ಮೇಲೆ.

ಒಂಬತ್ತು ಚಳಿಗಾಲಗಳು ಬರೀ ಮಳೆ ಸುರಿಸಿ ಹೋಗಿದ್ದವು. ಹತ್ತನೆಯದು ಫೆಬ್ರವರಿಯಲ್ಲಿ ಏಕಾಏಕಿ ಮನಸ್ಸು ಮಾಡಿ ಫ್ರೀಸ್‌ಲ್ಯಾಂಡಿನ ಕಾಲುವೆಗಳನ್ನೆಲ್ಲ ಹೆಪ್ಪುಗಟ್ಟಿಸಿಬಿಟ್ಟಿತು. ಶನಿವಾರ ಊರಿನ ಮೂವತ್ತು ಕಿಲೋಮೀಟರಿನ ಸ್ಕೇಟಿಂಗ್ ಯಾತ್ರೆ ಎಂದು ಸಮಿತಿ ಸಾರಿತು. ಭಾನುವಾರದಿಂದ ಮಂಜುಗಡ್ಡೆ ಕರಗುತ್ತದೆ ಎಂದು ರೇಡಿಯೋ ಸಾರಿತು. ಡೌವೆ ಮಾತ್ರ ಹೋದ ಮೇ ತಿಂಗಳಲ್ಲಿ ಸೂರಿನ ಕಸ ತೆಗೆಯಲು ಏಣಿ ಹತ್ತಿ, ಏಣಿಗಿಂತ ಮೊದಲು ತಾನೇ ಕೆಳಗೆ ಬಂದು, ಪಾದದ ಕೀಲು ಮುರಿದುಕೊಂಡು, ಎಂಟು ತಿಂಗಳು ಸೋಫಾವಾಸ ಮುಗಿಸಿದ್ದ.

"ಮೊದಲ ದಿನ ಎರಡು ಕಿಲೋಮೀಟರ್, ಆಮೇಲೆ ವಾರಕ್ಕೆ ಶೇಕಡಾ ಹತ್ತು ಹೆಚ್ಚಿಸಿ," ಎಂದಿದ್ದಳು ಕಾಲಿಗೆ ವ್ಯಾಯಾಮ ಮಾಡಿಸುವ ಹುಡುಗಿ ಮರ್ರಿಟ್. "ಸ್ಕೇಟ್ ಮಾಡುವಾಗ ಒಂದು ಪೂರ್ತಿ ವಾಕ್ಯ ಏದುಸಿರಿಲ್ಲದೆ ಹೇಳೋಕಾಗಬೇಕು. ಮಾರನೇ ದಿನ ಬೆಳಿಗ್ಗೆ ಕಾಲು ಏನು ಹೇಳುತ್ತೆ ಅಂತಾನೂ ಕೇಳ್ಕೊಳಿ, ಹೂಕೆಮಾ ಅವರೇ."

ಮೂವತ್ತು ವರ್ಷ ಕಾಲುವೆಗಳ ನೀರಿನ ಮಟ್ಟ ಅಳೆದು ನಿವೃತ್ತನಾದ ಡೌವೆ ಲೆಕ್ಕ ಮಾಡದೆ ಯಾವುದನ್ನೂ ಒಪ್ಪುವವನಲ್ಲ. ಲಕೋಟೆಯ ಹಿಂದೆ ಬರೆದು ನೋಡಿದ. ಎರಡರಿಂದ ಶುರು ಮಾಡಿ ಮೂವತ್ತು ಮುಟ್ಟಲು ಇಪ್ಪತ್ತೊಂಬತ್ತು ವಾರ ಬೇಕು.

"ಅಂದ್ರೆ ಆಗಸ್ಟ್ ಕೊನೆ," ಎಂದ ಹೆಂಡತಿ ಬೌಕ್ಯೆಗೆ. "ಆಗ ಕಾಲುವೇಲಿ ನಾನು ಸ್ಕೇಟ್ ಕಟ್ಕೊಂಡು ಬಾತುಕೋಳಿ ಜೊತೆ ಈಜಬೇಕು."

"ಈಜೋದು ಕೀಲಿಗೆ ಒಳ್ಳೇದಂತೆ," ಎಂದಳು ಬೌಕ್ಯೆ, ಆಲೂಗಡ್ಡೆ ಸಿಪ್ಪೆಯಿಂದ ಕಣ್ಣೆತ್ತದೆ.

ಈ ಯಾತ್ರೆ ತನಗೆ ಏನೆಂದು ಅವಳಿಗೆ ಹೇಗೆ ತಿಳಿಯಬೇಕು? ಮೂವತ್ತಾರು ವರ್ಷಗಳ ಹಿಂದೆ ಇದೇ ಯಾತ್ರೆಯಲ್ಲಿ ಅವನು ಕೈಗಳನ್ನು ಬೆನ್ನ ಹಿಂದೆ ಚಾಚಿದ್ದ. ಹೆಸರೂ ಗೊತ್ತಿಲ್ಲದ ಒಂದು ಹುಡುಗಿ ಅವನ್ನು ಹಿಡಿದು ಬಗ್ಗಿ ಹಿಂದೆ ನಿಂತಿದ್ದಳು. ಮೂವತ್ತು ಕಿಲೋಮೀಟರ್ ಒಂದೇ ಲಯ: ಎಡ, ಬಲ, ಎಡ, ಬಲ. ಯಾತ್ರೆಯ ಕಾರ್ಡಿನ ಮೇಲೆ ಕೊನೆಯ ಮುದ್ರೆ ಬೀಳುವ ಹೊತ್ತಿಗೆ ಮದುವೆ ಹೆಚ್ಚುಕಡಿಮೆ ನಿಶ್ಚಯವಾಗಿತ್ತು. (ಬೌಕ್ಯೆ ಈಗಲೂ ಒಪ್ಪುವುದಿಲ್ಲ. ಅದು ನಿಶ್ಚಯವಾದದ್ದು ಏಪ್ರಿಲ್‌ನಲ್ಲಿ ಅನ್ನುತ್ತಾಳೆ.) ಆಮೇಲೆ ಕಾಲುವೆ ಗಟ್ಟಿಯಾದಾಗಲೆಲ್ಲ, ಆ ಮೊದಲನೆಯದೂ ಸೇರಿ ಒಟ್ಟು ಆರು ಸಲ, ಇಬ್ಬರೂ ಹಾಗೇ ಹೋಗಿದ್ದರು. ಡೌವೆಗೀಗ ಅರವತ್ತಮೂರು. ಇನ್ನು ಒಂಬತ್ತು ವರ್ಷ ಕಾಯುವ ಲೆಕ್ಕ ಅವನಿಗೆ ಇಷ್ಟವಾಗಲಿಲ್ಲ. ಈ ಶನಿವಾರ ಇನ್ನೊಮ್ಮೆ ಅವಳನ್ನು ಬೆನ್ನ ಹಿಂದೆ ಕರೆದೊಯ್ಯಬೇಕು, ಅಷ್ಟೇ.

ಬುಧವಾರ ಪರೀಕ್ಷೆ ಎಂದು ಒಪ್ಪಂದವಾಯಿತು.

"ಎರಡು ಕಿಲೋಮೀಟರ್," ಎಂದಳು ಬೌಕ್ಯೆ. "ಎರಡು ಅಂದ್ರೆ ಎರಡು. ಗುರುವಾರ ಬೆಳಿಗ್ಗೆ ಕಾಲು ಸುಮ್ಮನಿದ್ರೆ ಶನಿವಾರ ನಾನೂ ಬರ್ತೀನಿ. ಕುಂಟಿದ್ಯೋ, ನೀನು ಮನೇಲಿ."

"ನನಗೆ ಅಳತೆ ಹೇಳಿಕೊಡ್ತೀಯಾ?" ಎಂದು ಡೌವೆ ನಕ್ಕ.

ಮನೆಯ ಹಿಂದಿನ ಕಟ್ಟೆಯಿಂದ ಕಾಲುವೆಗೆ ಇಳಿದು ಪಶ್ಚಿಮಕ್ಕೆ ಹೊರಟ. ಮೊದಲ ಹತ್ತು ಹೆಜ್ಜೆ ಹಸುಗೂಸು, ಇಪ್ಪತ್ತನೆಯದಕ್ಕೆ ಹುಡುಗ, ಒಂದು ಕಿಲೋಮೀಟರಿಗೆ ಇಪ್ಪತ್ತೇಳರ ತರುಣ! ಎರಡನೇ ಕಿಲೋಮೀಟರಿನ ಪಂಪ್‌ಮನೆ ಬಂದಾಗ ಗಡಿಯಾರ ನೋಡಿದ: ಏಳು ನಿಮಿಷ. ನಾಡಿ ತೊಂಬತ್ತಾರು. ದಡದಲ್ಲಿ ನಿಂತಿದ್ದ ಬೂದು ಕೊಕ್ಕರೆಗೆ ಒಂದು ಪೂರ್ತಿ ವಾಕ್ಯ ಹೇಳಿದ: "ನಮಸ್ಕಾರ, ನಾನು ಡೌವೆ ಹೂಕೆಮಾ, ಈ ಪಂಪ್‌ಮನೆಯ ನೀರಿನ ಮಟ್ಟವನ್ನು ಮೂವತ್ತು ವರ್ಷ ಒಂದು ಸೆಂಟಿಮೀಟರೂ ತಪ್ಪದಂತೆ ಅಳೆದವನು." ಕೊಕ್ಕರೆ ಹಾರಿಹೋಯಿತು. ಏದುಸಿರು ಮಾತ್ರ ಬರಲಿಲ್ಲ.

ಪರೀಕ್ಷೆಯಲ್ಲಿ ಇಷ್ಟು ಚೆನ್ನಾಗಿ ಪಾಸಾದವನು ಅರ್ಧಕ್ಕೆ ಎದ್ದು ಬರುತ್ತಾನೆಯೇ? ಮೂರು, ನಾಲ್ಕು, ಐದು. ಪ್ರತಿ ಕಿಲೋಮೀಟರಿಗೂ ಒಂದು ವಾಕ್ಯ, ಕೇಳುವವರಿಲ್ಲದಿದ್ದರೂ ಹೇಳಿದ. ಆರನೆಯದರ ಸೇತುವೆಯ ಕೆಳಗೆ, ಮರ್ರಿಟ್‌ಗೆ ಒಂದು ಪಾಠ ಹೇಳಬೇಕು ಎಂದುಕೊಳ್ಳುತ್ತ ಮನೆಯ ಕಡೆ ತಿರುಗಿದ.

ತಿರುಗಿದ ಕೂಡಲೇ ಮುಖಕ್ಕೆ ಯಾರೋ ಬಾಗಿಲು ಹಾಕಿದಂತಾಯಿತು. ಚಳಿ ತಂದಿದ್ದೇ ಪೂರ್ವದ ಗಾಳಿ. ಇದುವರೆಗೆ ಸ್ಕೇಟ್ ಮಾಡಿದ್ದು ಗಾಳಿ; ಡೌವೆ ಬರೀ ಅದರ ಸಾಮಾನು. ಗಾಳಿಯ ದಿಕ್ಕನ್ನು ದಿನಕ್ಕೆರಡು ಬಾರಿ ದಾಖಲಿಸುತ್ತಿದ್ದ ಮನುಷ್ಯ ಇವತ್ತು ಎಲ್ಲವನ್ನೂ ಅಳೆದು ಅದೊಂದನ್ನೇ ಬಿಟ್ಟಿದ್ದ. ನೂರು ಮೀಟರಿಗೆ ನಾಡಿ ನೂರೈವತ್ತು. ವಾಕ್ಯ ಹೇಳಲು ಬಾಯಿ ತೆರೆದರೆ "ಅಮ್ಮಾ" ಎಂಬ ಒಂದೇ ಪದ ಬಂತು.

ಮುಕ್ಕಾಲು ಗಂಟೆಯಲ್ಲಿ ಎರಡು ಕಿಲೋಮೀಟರ್ ತೆವಳಿದಾಗ, ದಡದ ಪೋಸ್ಟುಮಾ ಅವರ ಮನೆಯಿಂದ ಆ ಮನೆಯೊಡತಿ ಓಡಿಬಂದಳು. ಅವನನ್ನು ಅಡಿಯಿಂದ ಮುಡಿವರೆಗೆ ನೋಡಿ ಒಳಗೆ ಹೋದವಳು ಅಡುಗೆಮನೆಯ ಕುರ್ಚಿಯೊಂದನ್ನು ತಂದು ಮಂಜುಗಡ್ಡೆಯ ಮೇಲಿಟ್ಟಳು. ಆ ಊರುಗಳಲ್ಲಿ ಮೂರು ವರ್ಷದ ಮಕ್ಕಳು ಸ್ಕೇಟ್ ಕಲಿಯುವುದು ಹಾಗೆ, ಕುರ್ಚಿಯ ಬೆನ್ನು ಹಿಡಿದು ತಳ್ಳುತ್ತ.

"ನಾಚ್ಕೋಬೇಡ ಡೌವೆ," ಎಂದಳು. "ನಮ್ಮ ಮೊಮ್ಮಗಳು ಎರಡೇ ದಿನದಲ್ಲಿ ಕುರ್ಚಿ ಬಿಟ್ಟಳು."

ಸಂಜೆ ಕಟ್ಟೆಯ ಮೇಲೆ ಬೌಕ್ಯೆ ಶಾಲು ಹೊದ್ದು ನಿಂತಿದ್ದಳು.

"ಎಷ್ಟಾಯ್ತು?"

"ಎರಡು," ಎಂದ ಡೌವೆ.

"ಕುರ್ಚಿ ಯಾರದ್ದು?"

"ಪೋಸ್ಟುಮಾ ಅವರದ್ದು."

"ಅವರ ಮನೆ ಇರೋದು ನಾಲ್ಕನೇ ಕಿಲೋಮೀಟರಲ್ಲಿ."

"ಕುರ್ಚಿ ಈ ಕಡೆ ಬಂದಿತ್ತು," ಎಂದ ಡೌವೆ. ಬೌಕ್ಯೆ ಅವನ ಸ್ಕೇಟಿನ ದಾರ ಬಿಚ್ಚಿ, ಕಾಲನ್ನು ಬಿಸಿನೀರಿನಲ್ಲಿ ಇಟ್ಟಳು.

ಗುರುವಾರ ಬೆಳಿಗ್ಗೆ ಕಾಲು ಬರೀ ಮಾತು ಹೇಳಿ ಬಿಡಲಿಲ್ಲ. ಸೊಂಟವನ್ನೂ ತೊಡೆಗಳನ್ನೂ ಸೇರಿಸಿಕೊಂಡು ಬಹಿರಂಗ ಸಭೆಯನ್ನೇ ನಡೆಸಿತು. ಡೌವೆ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದ. ಶುಕ್ರವಾರವೂ ಹಾಗೇ.

"ನೀನಾದ್ರೂ ಹೋಗು," ಎಂದ ಆ ರಾತ್ರಿ ಊಟಕ್ಕೆ ಕೂತು. "ಆದ್ರೆ ಒಬ್ಬಳೇ... ಗಾಳಿ ತಡೆಯೋಕೆ ಮುಂದೆ ಯಾರೂ ಇರಲ್ಲ."

"ನೋಡೋಣ," ಎಂದಳು ಬೌಕ್ಯೆ.

ಶನಿವಾರ ಸಮಿತಿಯವರಿಗೆ ಇಪ್ಪತ್ತನೇ ಕಿಲೋಮೀಟರಿನಲ್ಲಿ ಕಾರ್ಡುಗಳಿಗೆ ಮುದ್ರೆ ಒತ್ತಲು ಒಬ್ಬರು ಬೇಕಿತ್ತು. ದಿನವಿಡೀ ಕೂತಿರುವ ಸಾಮರ್ಥ್ಯವೊಂದೇ ಅರ್ಹತೆ. ಡೌವೆಯನ್ನು ಕಾರಿನಲ್ಲಿ ತಂದು ಬಟಾಣಿ ಸೂಪಿನ ಪಾತ್ರೆಯ ಪಕ್ಕ ಕೂರಿಸಿದರು. ಜೋಡಿ ಜೋಡಿಯಾಗಿ ಜನ ಬಂದರು, ಒಬ್ಬರ ಬೆನ್ನ ಹಿಂದೆ ಒಬ್ಬರು. ಅವನು ಪ್ರತಿ ಜೋಡಿಯನ್ನೂ ನೋಡಿ ಮುದ್ರೆಯನ್ನು ಸ್ವಲ್ಪ ಜೋರಾಗಿಯೇ ಒತ್ತಿದ.

ಮಧ್ಯಾಹ್ನ ಬೌಕ್ಯೆ ಬಂದಳು. ಒಬ್ಬಳೇ. ಕೆನ್ನೆ ಬೀಟ್‌ರೂಟಿನಂತೆ, ಟೋಪಿ ಓರೆ, ಏದುಸಿರಿಲ್ಲ.

"ಡೌವೆ!" ಎಂದಳು ಕಾರ್ಡು ಚಾಚುತ್ತ. "ಈ ದಾರೀಲಿ ಮೂರು ಗಾಳಿಗಿರಣಿ ಇದ್ಯಲ್ಲೋ!"

"ಪ್ರತಿ ಸಲಾನೂ ತೋರಿಸಿದ್ದೀನಲ್ಲ. ಎಡಕ್ಕೆ ನೋಡು, ಬಲಕ್ಕೆ ನೋಡು ಅಂತ."

"ನೀನು ಹೇಳಿದ್ದೆಲ್ಲ ಗಾಳಿ ಪಾಲಾಯ್ತು. ಆರು ಸಲ, ನೂರ ಎಂಬತ್ತು ಕಿಲೋಮೀಟರ್, ನಾನು ನೋಡಿದ್ದು ನಿನ್ನ ಕೋಟಿನ ಬೆನ್ನು ಒಂದೇ. ನಡುಮಧ್ಯ ಒಂದು ಹೊಲಿಗೆ ಬಿಟ್ಟಿತ್ತು."

ಡೌವೆಯ ಕೈಯಲ್ಲಿ ಮುದ್ರೆ ನಿಂತೇಬಿಟ್ಟಿತು. ಮೂವತ್ತಾರು ವರ್ಷ ಜೋಪಾನ ಮಾಡಿದ ನೆನಪಿನಲ್ಲಿ ಬಿಸಿಲು ಬಿದ್ದ ಬಯಲಿತ್ತು, ಗಿರಣಿಗಳಿದ್ದವು, ಚರ್ಚಿನ ಗೋಪುರವಿತ್ತು. ಅವಳ ಪಾಲಿಗೆ ಬರೀ ಕಂದು ಬಣ್ಣದ ಬಟ್ಟೆ.

"ಮತ್ತೆ ಯಾಕೆ ಬರ್ತಿದ್ದೆ, ಆರಾರು ಸಲ?" ಎಂದ.

"ಅಲ್ಲಿ ಗಾಳಿ ತಾಗ್ತಿರಲಿಲ್ಲ," ಎಂದಳು ಬೌಕ್ಯೆ. "ಮುದ್ರೆ ಒತ್ತು ಬೇಗ, ಇನ್ನೂ ಹತ್ತು ಕಿಲೋಮೀಟರ್ ಇದೆ."

ಅವನು ಒತ್ತಿದ, ತಲೆಕೆಳಗಾಗಿ ಬಿತ್ತು. ಅವಳು ಕೈಗಳನ್ನು ಬೆನ್ನಿಗೆ ಕಟ್ಟಿ ಹೊರಟಳು, ಎಡ, ಬಲ, ಎಡ, ಬಲ. ಡೌವೆ ಮೊದಲ ಬಾರಿಗೆ ಅವಳ ಕೋಟಿನ ಬೆನ್ನನ್ನು ನೋಡಿದ. ಅದು ಚುಕ್ಕಿಯಾಗುವವರೆಗೂ ನೋಡಿದ. ಸಾಲಿನಲ್ಲಿದ್ದ ಹದಿನಾಲ್ಕು ಜನ ಕಾರ್ಡು ಹಿಡಿದು ಅವನ ಹೆಸರು ಕೂಗುತ್ತಿದ್ದರು.