ಸೆರಗಿನ ಮೇಲಿನ ಪದಬಂಧ

ಬನಹಟ್ಟಿಯ ಸಿದ್ದಾರೂಢರಿಗೆ ದೇವರು ಮನೆಯ ಹಿಂದೆ ನಾಲ್ಕು ಪವರ್‌ಲೂಮು, ಮನೆಯೊಳಗೆ ಶೈಲಾ ಎಂಬ ಹೆಂಡತಿ, ಐಶ್ವರ್ಯ ಎಂಬ ಒಬ್ಬಳೇ ಮಗಳು, ಇಷ್ಟೆಲ್ಲ ಕೊಟ್ಟು ಸುಮ್ಮನಿರಬಹುದಿತ್ತು. ಸುಮ್ಮನಿರಲಿಲ್ಲ. ಮೇಲೊಂದು ಪದಬಂಧದ ಚಟವನ್ನೂ ಕೊಟ್ಟ. ಚಟ ಕೊಟ್ಟವನು ಅದಕ್ಕೆ ಬೇಕಾಗುವ ಶಬ್ದಗಳನ್ನು ಕೊಡುವುದನ್ನು ಮಾತ್ರ ಮರೆತ. ಮುಂದಿನ ಅನಾಹುತಕ್ಕೆಲ್ಲ ದೇವರ ಆ ಮರೆವೇ ಕಾರಣ ಎಂದು ಸಿದ್ದಾರೂಢರು ಇಂದಿಗೂ ವಾದಿಸುತ್ತಾರೆ. (ಶೈಲಾ ಅವರ ವಾದ ಬೇರೆ ಇದೆ. ಅದನ್ನು ಅಚ್ಚು ಮಾಡಲು ಬರುವುದಿಲ್ಲ.)

ಬೆಳಗಾದರೆ ಸಾಕು, ಸಿದ್ದಾರೂಢರು ಬಸ್ ಸ್ಟ್ಯಾಂಡಿನ ಎದುರಿನ ಹೋಟೆಲಿಗೆ ಎಲ್ಲರಿಗಿಂತ ಮೊದಲು ಹೋಗಿ ಪೇಪರು ಹಿಡಿಯುವರು. ಕಪ್ಪಿನ ಚಹಾ ಆರುವುದರೊಳಗೆ ಪದಬಂಧದ ಚೌಕಗಳೆಲ್ಲ ಭರ್ತಿ. ಅದೂ ಪೆನ್ನಿನಲ್ಲಿ! ರಿಟಾಯರ್ಡ್ ಪೋಸ್ಟ್ ಮಾಸ್ತರ ವಿಠ್ಠಲರಾಯರು ಪೆನ್ಸಿಲ್ಲು, ರಬ್ಬರು ಹಿಡಿದು ಮಧ್ಯಾಹ್ನದವರೆಗೆ ಹೆಣಗಿದರೂ ಅರ್ಧ ಖಾಲಿ ಉಳಿಯುತ್ತಿತ್ತು. ಸಿದ್ದಾರೂಢರ ಗುಟ್ಟು ಬಹಳ ಸರಳ. ಗೊತ್ತಿದ್ದ ಶಬ್ದ ಬರೆಯುವುದು, ಗೊತ್ತಿಲ್ಲದ ಕಡೆ ಕೈಗೆ ಬಂದ ಅಕ್ಷರ ತುಂಬುವುದು. ಖಾಲಿ ಚೌಕ ಕಂಡರೆ ಅವರಿಗೆ ಹರಿದ ನೂಲು ಕಂಡಂತೆ, ಗಂಟು ಹಾಕುವವರೆಗೆ ಸಮಾಧಾನವಿಲ್ಲ.

"ಅಲ್ರಿ ಸಿದ್ದಾರೂಢರ, ಆನಿಗೆ ‘ಗರಿ’ ಅಂತಾರೇನ್ರಿ?" ಎಂದು ವಿಠ್ಠಲರಾಯರು ಒಮ್ಮೆ ಕೇಳಿದ್ದರು.

"ಅಂತಾರಲ್ರಿ! ದೊಡ್ಡದಾದ ಮ್ಯಾಲ ಗಜ, ಕರಿ. ಮರಿ ಇದ್ದಾಗ ಅರ್ಧ ಗಜ, ಅರ್ಧ ಕರಿ. ಕೂಡಿಸಿದ್ರ ಗರಿ. ಹಳಗನ್ನಡದಾಗ ಬರತೈತಿ."

ಹಳಗನ್ನಡದಲ್ಲಿ ಬರುತ್ತದೆ ಎಂದಮೇಲೆ ಬನಹಟ್ಟಿಯಲ್ಲಿ ಯಾರೂ ಮುಂದೆ ಕೇಳುವ ಧೈರ್ಯ ಮಾಡುವುದಿಲ್ಲ. ಮರುದಿನ ಪೇಪರಿನಲ್ಲಿ ಉತ್ತರ ಬರುತ್ತದಲ್ಲ ಎಂದಿರಾ? ಬರುತ್ತದೆ. ಆದರೆ ಆ ಮೂಲೆಯ ಮೇಲೆ ಸಿದ್ದಾರೂಢರ ಬಿಸಿ ಬಿಸಿ ಮೆಣಸಿನಕಾಯಿ ಭಜಿ ಕೂತಿರುತ್ತದೆ. ಎಣ್ಣೆ ಕುಡಿದ ಪೇಪರಿನಲ್ಲಿ ಹಿಂದಿನ ಪುಟದ ಸೀಮೆಂಟಿನ ಜಾಹೀರಾತು ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಹೀಗೆ ಸಂಪಾದಿಸಿದ ಕೀರ್ತಿ ಮುಧೋಳದವರೆಗೆ ಹೋಯಿತು. ಅಲ್ಲಿ ಶಂಕರೆಪ್ಪ ಎಂಬ ಬೀಜ-ಗೊಬ್ಬರದ ವ್ಯಾಪಾರಿ. ಅವರಿಗೂ ಅದೇ ಚಟ, ಅವರ ಊರಿನಲ್ಲಿ ಅವರಿಗೂ ಅಷ್ಟೇ ಹೆಸರು. ಮಗ ವೀರೇಶನಿಗೆ ಹೆಣ್ಣು ಹುಡುಕುತ್ತಿದ್ದ ಶಂಕರೆಪ್ಪನವರು, "ಪಂಡಿತರ ಮನಿ ಹೆಣ್ಣು ಅಂದ್ರ ಕಣ್ಣು ಮುಚ್ಚಿ ತರಬೇಕು ನೋಡ್ರಿ" ಎಂದು ತಾವಾಗಿಯೇ ಬಂದರು. ಹುಡುಗ-ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದರು. ಐಶ್ವರ್ಯಳಂತೂ ಫೋನು ಹಿಡಿದು ಮಾಳಿಗೆ ಹತ್ತಿದರೆ ಊಟಕ್ಕೂ ಇಳಿಯುತ್ತಿರಲಿಲ್ಲ. ಬನಹಟ್ಟಿಯ ಮನೆಯಲ್ಲೇ ನಿಶ್ಚಯ ಎಂದು ದಿನ ಗೊತ್ತಾಯಿತು. ಆಗ ಶಂಕರೆಪ್ಪನವರ ಫೋನು ಬಂತು.

"ಬೀಗರ, ಈ ಐತವಾರದ ದೊಡ್ಡ ಪದಬಂಧ ನೀವೂ ಬಿಡಸ್ರಿ, ನಾನೂ ಬಿಡಸ್ತೇನಿ. ನಿಶ್ಚಯದ ದಿನಾ ಇಬ್ರೂ ಕುಂತು ಶಬ್ದಕ್ಕ ಶಬ್ದಾ ಕೂಡಿಸಿ ನೋಡೂಣು. ಪಂಡಿತರು ಬೀಗರಾದ್ರ ಹಿಂಗ ಇರಬೇಕ್ರಿ!"

ಸಿದ್ದಾರೂಢರು ಫೋನು ಕೆಳಗಿಟ್ಟರು. ಬೀಗರ ಪೇಪರಿನ ಮೇಲೆ ಭಜಿ ಇಡಲು ಮುಧೋಳದವರೆಗೆ ಯಾರು ಹೋಗಬೇಕು? ಮಗಳ ನಿಶ್ಚಯದ ದಿನವೇ ಅಪ್ಪನ ಬಂಡವಾಳ ಬಯಲಾದರೆ ಗತಿಯೇನು?

ಆದರೂ ಹಠ ಬಿಡಲಿಲ್ಲ. ಶೈಲಾ ಸೀರೆಯ ಡಿಸೈನು ಬರೆಯುವ ಗ್ರಾಫ್ ಹಾಳೆಯೊಂದನ್ನು ಎತ್ತಿಕೊಂಡು ಬಂದು, ಪದಬಂಧವನ್ನು ಅದರ ಮೇಲೆ ದೊಡ್ಡದಾಗಿ ಇಳಿಸಿ, ಕರಿ ಚೌಕಗಳಿಗೆ ಕಪ್ಪು ತುಂಬಿ, ಬಾಗಿಲು ಹಾಕಿಕೊಂಡು ಕೂತರು. ಮೊದಲ ಸುಳಿವು ಮೇಲಿನಿಂದ ಕೆಳಕ್ಕೆ: ‘ನಿದ್ದೆಯಲ್ಲಿ ಕಾಣುವುದು, ಮೂರಕ್ಷರ’. ನಿನ್ನೆ ತಾವು ನಿದ್ದೆಯಲ್ಲಿ ಕಂಡದ್ದೇನು? ಒಂದು ಟಗರು ಚಿಮ್ಮಡದ ರಸ್ತೆಯ ತುಂಬ ತಮ್ಮನ್ನು ಅಟ್ಟಿಸಿಕೊಂಡು ಬಂದಿತ್ತು. ಎಣಿಸಿದರು. ಟ, ಗ, ರು. ಸರಿಯಾಗಿ ಮೂರು! ಪೇಪರಿನವರಿಗೆ ಇದು ಹೇಗೆ ತಿಳಿಯಿತೋ ಎಂದು ಆಶ್ಚರ್ಯಪಡುತ್ತಲೇ ಬರೆದರು. ಅದೇ ಚೌಕದಿಂದ ಎಡದಿಂದ ಬಲಕ್ಕೆ: ‘ತಾವರೆ, ಮೂರಕ್ಷರ’. ಕಮಲ ಎಂದು ಅವರಿಗೂ ಗೊತ್ತಿತ್ತು. ಆದರೆ ಮೊದಲ ಚೌಕದಲ್ಲಿ ಟಗರಿನ ‘ಟ’ ಕಾಲೂರಿ ನಿಂತಿದೆಯಲ್ಲ! ಟಗರನ್ನು ಎಬ್ಬಿಸುವ ಮನಸ್ಸಾಗಲಿಲ್ಲ. ‘ಟಮಲ’ ಎಂದು ತುಂಬಿದರು. ಒಮ್ಮೆ ಕಾಲು ಜಾರಿದಮೇಲೆ ಮುಂದಿನದೆಲ್ಲ ಸಲೀಸು. ಸಂಜೆಯೊಳಗೆ ಒಂದು ಚೌಕವೂ ಖಾಲಿ ಉಳಿಯಲಿಲ್ಲ.

ಇನ್ನು ದೇವರೇ ಕಾಯಬೇಕು ಎಂದು ಹಾಳೆಗೆ ಅರಿಶಿನ-ಕುಂಕುಮ ಹಚ್ಚಿ ದೇವರ ಜಗಲಿಯ ಮೇಲಿಟ್ಟು ಕೈ ಮುಗಿದರು. ಎಡವಿದ್ದು ಅಲ್ಲೇ. ಆ ಮನೆಯಲ್ಲಿ ಹೊಸ ಸೀರೆಯ ಡಿಸೈನು ತಯಾರಾದರೆ ಶೈಲಾ ಗ್ರಾಫ್ ಹಾಳೆಗೆ ಕುಂಕುಮ ಹಚ್ಚಿ ಜಗಲಿಯ ಮೇಲಿಡುವುದು ಪದ್ಧತಿ. ಕಾರ್ಡು ಹೊಡೆಯುವ ಶಿದ್ರಾಮಪ್ಪ ಬಂದು ಅದನ್ನು ಒಯ್ಯುತ್ತಾನೆ. ಹಾಳೆಯ ಒಂದೊಂದು ಚೌಕ ನೋಡಿ ರಟ್ಟಿನ ಕಾರ್ಡುಗಳಿಗೆ ತೂತು ಹೊಡೆಯುತ್ತಾನೆ. ಆ ಕಾರ್ಡುಗಳನ್ನು ಮಗ್ಗಕ್ಕೆ ಏರಿಸಿದರೆ ತೂತು ಹೇಳಿದಂತೆ ನೇಯ್ಗೆ ಬರುತ್ತದೆ. ನಿಶ್ಚಯಕ್ಕೆ ಬರುವ ಬೀಗರ ಕಡೆಯ ಹೆಂಗಸರಿಗೆ ಉಡಿಸುವ ಆಯೇರಿ ಸೀರೆಗೆಂದು ಶೈಲಾ ಚೆಂದದ ನವಿಲು ಬರೆದಿಟ್ಟಿದ್ದರು. ಕುಂಕುಮ ಹಚ್ಚುವ ಮೊದಲು ನೂಲು ತರಲು ರಬಕವಿಗೆ ಹೋದರು. ಆ ಹೊತ್ತಿಗೇ ಶಿದ್ರಾಮಪ್ಪ ಬಂದ. ನವಿಲು ಮೇಜಿನ ಮೇಲೆ ಹಣೆಗೆ ಕುಂಕುಮವಿಲ್ಲದೆ ಬಿದ್ದಿತ್ತು. ಜಗಲಿಯ ಮೇಲಿದ್ದದ್ದನ್ನು ಎತ್ತಿಕೊಂಡು ನಡೆದ. ಶೈಲಾ ತಂದ ನೂಲಿನ ಗಂಟು ಮೇಜಿನ ಮೇಲೆ ಆ ನವಿಲನ್ನು ಮುಚ್ಚಿಕೊಂಡೇ ಕೂತಿತು; ಶಿದ್ರಾಮಪ್ಪ ಬಂದು ಹೋದನೆಂದು ಕೇಳಿ ಅವರು ನವಿಲೇ ಹೋಯಿತೆಂದು ತಿಳಿದರು.

ಮರುದಿನ ಸಂಜೆ ಹಾಳೆ ಕಾಣದಾದಾಗ ಸಿದ್ದಾರೂಢರು ಕುಣಿಯುವುದೊಂದು ಬಾಕಿ. ದೇವರು ಪ್ರತ್ಯಕ್ಷ ಬಂದು ಒಯ್ದಿದ್ದಾನೆ! ‘ಪೂರ್ತಿ ಬಿಡಿಸಿದ್ದೆ ಬೀಗರೇ, ಏನು ಮಾಡಲಿ, ಹಾಳೆ ಕಳೆಯಿತು’ ಎಂದರೆ ಮಾನವೂ ಉಳಿಯಿತು, ಪಾಂಡಿತ್ಯವೂ ಉಳಿಯಿತು.

ಮಗ್ಗದ ಮೇಲೆ ಸೀರೆ ಬೋರಲು ಬೀಳುತ್ತದೆ, ಒಳಮೈ ಮಾತ್ರ ಮೇಲೆ ಕಾಣುತ್ತದೆ. ಹೀಗಾಗಿ ನೇಯುವವರಿಗೂ ಏನೂ ತಿಳಿಯಲಿಲ್ಲ. ನಿಶ್ಚಯದ ಹಿಂದಿನ ದಿನ ಸೀರೆ ಇಳಿಸಿ ತಿರುವಿ ಹಾಸಿದಾಗ ಶೈಲಾ ಅವರ ಕೂಗು ನಾಲ್ಕು ಮಗ್ಗದ ಸದ್ದನ್ನು ಮೀರಿ ಕೇಳಿತು.

"ಇದೇನ್ರಿ ಇದು? ನನ್ನ ನವಿಲು ಎಲ್ಲಿ ಹೋತು?"

ಸಿದ್ದಾರೂಢರು ನೋಡಿದರು. ಮಾವಿನ ಹಣ್ಣಿನ ಬಣ್ಣದ ಸೆರಗು. ಅದರ ತುಂಬ ಕಪ್ಪು ಚೌಕ, ಬಿಳಿ ಚೌಕ. ಬಿಳಿ ಚೌಕಗಳಲ್ಲಿ ಅವರದೇ ಅಕ್ಷರ. ಹೀಗೆ ಪ್ರತಿಯೊಂದು ಸೀರೆಯಲ್ಲೂ. ಅವರು ಅಲ್ಲೇ ನೂಲಿನ ಮೂಟೆಯ ಮೇಲೆ ಕುಸಿದರು. ಶೈಲಾ ಶಿದ್ರಾಮಪ್ಪನನ್ನು ಕರೆಸಿ ಝಾಡಿಸಿದರು.

"ನಿನ್ನ ಕಣ್ಣಿಗೆ ಏನಾಗಿತ್ತೋ? ಸೆರಗಿನ ಮ್ಯಾಲ ಯಾರರೆ ಪದಬಂಧ ನೇಸ್ತಾರೇನು?"

"ಕುಂಕುಮ ಹಚ್ಚಿತ್ತಲ್ರಿ ಅಕ್ಕಾರ" ಎಂದ ಶಿದ್ರಾಮಪ್ಪ. "ಕುಂಕುಮ ಹಚ್ಚಿದ್ದಕ್ಕ ಅಡ್ಡ ಮಾತಾಡಾಕ ನಾ ಯಾರ್ರಿ? ಹ್ವಾದ ವರ್ಷ ತೇರದಾಳದವರೊಬ್ರು ಸೆರಗಿನ ತುಂಬ ತಮ್ಮ ಟ್ರ್ಯಾಕ್ಟರ್ ನಂಬರ್ ಹಾಕಿಸಿದ್ರು. ನಾ ಏನರೆ ಕೇಳಿದ್ನೇನು?"

ಅಂಗಡಿಯಿಂದ ಬೇರೆ ಸೀರೆ ತರೋಣ ಎಂದು ಸಿದ್ದಾರೂಢರು ಗೋಗರೆದರು. ಶೈಲಾ ಕೇಳಲಿಲ್ಲ. "ಮಗ್ಗದ ಮನಿಯವರು ಅಂಗಡಿ ಸೀರಿ ಉಡಿಸಿದ್ರ ಜನಾ ಮುಖಕ್ಕ ಉಗೀತಾರ. ಹೊಸಾ ಫ್ಯಾಷನ್ ಅಂತ ಹೇಳ್ತೇನಿ. ಸೀರಿ ಉಡೂದು ಬಿಟ್ಟು ಯಾರು ಓದ್ಕೋತ ಕೂಡ್ತಾರ್ರಿ?"

ಯಾರು ಓದುತ್ತಾರೆ ಎಂದು ಸಿದ್ದಾರೂಢರಿಗೆ ಚೆನ್ನಾಗಿ ಗೊತ್ತಿತ್ತು.

ನಿಶ್ಚಯದ ದಿನ ಮುಧೋಳದವರು ಗಾಡಿ ತುಂಬಿಕೊಂಡು ಬಂದರು. ಹೆಂಗಸರಿಗೆ ಉಡಿ ತುಂಬಿ ಸೀರೆ ಕೊಟ್ಟಾಯಿತು. ಕೊಟ್ಟ ಸೀರೆಯನ್ನು ಆಗಲೇ ಉಟ್ಟು ಬಂದು ದೇವರಿಗೆ ನಮಸ್ಕರಿಸುವುದು ರೂಢಿ. ಒಳಗೆ ಹೋದವರು ಸಾಲಾಗಿ ಹೊರಗೆ ಬಂದರು. ಎಲ್ಲರ ಮುಂದೆ ಶಂಕರೆಪ್ಪನವರ ತಾಯಿ, ಮುದುಕಿ ಗುರುಬಸವ್ವ. ಆಕೆಯ ಮಾತೆಂದರೆ ಆ ಮನೆಯಲ್ಲಿ ಮುಗಿಯಿತು, ಮೇಲೆ ಯಾರೂ ಉಸಿರೆತ್ತುವುದಿಲ್ಲ.

ಶಂಕರೆಪ್ಪನವರು ಕಣ್ಣು ಕಿರಿದು ಮಾಡಿದರು. ಕನ್ನಡಕ ಹಾಕಿದರು. ಎದ್ದು ಬಂದು ಹಡೆದವ್ವನ ಬೆನ್ನಿನ ಹಿಂದೆ ನಿಂತರು.

"ಬೀಗರ! ಇದು ಐತವಾರದ್ದು ಅಲ್ರಿ?"

"ಹ್ಞೂಂ... ಹೌದ್ರಿ" ಎಂದರು ಸಿದ್ದಾರೂಢರು, ನೆಲ ಬಾಯಿ ಬಿಡಬಾರದೇ ಎನ್ನುತ್ತ.

"ಅಬಬಬ! ಉತ್ತರಾ ಬರದು ಸೀರಿನ ನೇಸೀರಲ್ರಿ! ಯವ್ವಾ, ಜರಾ ತಿರಗ ಬೇ. ಎಡದಿಂದ ಬಲಕ್ಕ ಹೆಗಲ ಮ್ಯಾಲ ಹೋಗೇತಿ."

ಮುದುಕಿ ತಿರುಗಿದಳು. ಶಂಕರೆಪ್ಪನವರೂ ಆಕೆಯ ಸುತ್ತ ತಿರುಗಿದರು. ಮೇಲಿನಿಂದ ಕೆಳಕ್ಕೆ ಬರುವ ಶಬ್ದ ಓದಲು ಬಗ್ಗಿದರು, ಮಂಡಿಯೂರಿದರು. ನೆರಿಗೆಯಲ್ಲಿ ಸಿಕ್ಕ ಅಕ್ಷರಗಳನ್ನು ಪಕ್ಕದಲ್ಲಿ ನಿಂತ ಹೆಂಡತಿಯ ಸೆರಗಿನಲ್ಲಿ ಹುಡುಕಿದರು. ಬಂದ ಜನರೆಲ್ಲ ಬಾಯಿ ತೆರೆದು ನೋಡುತ್ತಿದ್ದರು. ಸಿದ್ದಾರೂಢರ ಅಂಗಿ ಬೆವರಿನಿಂದ ಮೈಗೆ ಅಂಟಿತು.

"ತಾವರಿಗೆ... ಟಮಲ" ಎಂದು ಶಂಕರೆಪ್ಪ ನಿಧಾನವಾಗಿ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಅದು... ಹಳಗನ್ನಡದಾಗ..." ಎಂದು ಸಿದ್ದಾರೂಢರು ತೊದಲಿದರು.

"ಬರತೈತ್ರಿ!" ಶಂಕರೆಪ್ಪ ತಟ್ಟನೆ ಕೈಯೆತ್ತಿದರು. "ನನಗ ಗೊತ್ತಿಲ್ಲೇನ್ರಿ? ಬಿಳೀ ತಾವರಿ. ನಾನೂ ಅದನ್ನ ಬರದೇನಿ. ನಿಘಂಟಿನ್ಯಾಗ ಐತಿ."

ಸಿದ್ದಾರೂಢರಿಗೆ ಆ ಧ್ವನಿ ಎಲ್ಲೋ ಕೇಳಿದಂತಾಯಿತು. ಅರೆ, ತಾವೇ ದಿನಾ ಹೋಟೆಲಿನಲ್ಲಿ ಆಡುವ ಧ್ವನಿ! ಮುಧೋಳದಲ್ಲೂ ಪೇಪರಿನ ಮೇಲೆ ಭಜಿ ಕೂರುತ್ತದೆ. ಜೀವ ಹಗುರಾಗಿ ಒಂದು ಉಸಿರು ಬಿಟ್ಟರು. ಆ ಉಸಿರು ಪೂರ್ತಿ ಹೊರಗೆ ಬರಲು ಬೀಗರು ಬಿಡಲಿಲ್ಲ.

"ನಮ್ಮ ಮನಿತನದಾಗ ಸೊಸಿಗೆ ಹೊಸಾ ಹೆಸರಿಡೂ ಪದ್ಧತಿ ಐತ್ರಿ. ಯಾವ ಹೆಸರಿಡೂಣು ಅಂತ ತಿಂಗಳಿಂದ ವಿಚಾರ ಮಾಡಾಕತ್ತಿದ್ವಿ. ದೇವರ ಸೀರಿ ಮ್ಯಾಲ ಬರದು ಕೊಟ್ಟಾನ. ಇನ್ನ ಮುಂದ ಐಶ್ವರ್ಯ ಅಲ್ಲ, ಟಮಲಾ! ತರ್ರಿ ತಾಟು, ಅಕ್ಕಿ ಒಳಗ ಬರೀತೇನಿ."

ಐಶ್ವರ್ಯಳ ಮುಖ ಸುಣ್ಣದಂತಾಯಿತು. ವೀರೇಶನ ಕಡೆ ನೋಡಿದಳು. ಅವನು ಅಪ್ಪನ ಕಡೆ ನೋಡಿದ. ಅಪ್ಪ ಅಕ್ಕಿಯ ಕಡೆ ನೋಡುತ್ತಿದ್ದರು.

"ಅಪ್ಪಾಜಿ" ಎಂದಳು ಐಶ್ವರ್ಯ. "ನಾ ಸಾಯೂತನಾ ಟಮಲಾ ಅನ್ನಿಸ್ಕೋಬೇಕೇನು?"

ಹಾಳಾಗಿ ಹೋಗಲಿ ಪಾಂಡಿತ್ಯ! ಸಿದ್ದಾರೂಢರು ಎದ್ದು ನಿಂತು ಕೈ ಮುಗಿದರು.

"ಬೀಗರ, ತಪ್ಪಾತ್ರಿ. ಟಮಲ ಅನ್ನೂ ಶಬ್ದನ ಇಲ್ರಿ. ನಾ ಕಟ್ಟಿದ್ದು. ಸೀರಿ ಮ್ಯಾಲಿಂದು ಎಲ್ಲಾ ನಾ ಕಟ್ಟಿದ್ದು. ನನಗ ಪದಬಂಧ ಬರೂದಿಲ್ಲ."

"ನೋಡ್ರೀ ದೊಡ್ಡವರ ವಿನಯ!" ಎಂದು ಶಂಕರೆಪ್ಪ ಜನರ ಕಡೆ ತಿರುಗಿದರು.

"ವಿನಯ ಅಲ್ರಿ, ಖರೇನ ಹೇಳಾಕತ್ತೇನಿ! ಇಲ್ಲ ಅಂದ್ರ ಇಲ್ರಿ ಆ ಶಬ್ದ!"

ಈಗ ಶಂಕರೆಪ್ಪನವರ ಮೀಸೆ ನೆಟ್ಟಗಾಯಿತು. "ಇಲ್ಲ ಅಂದ್ರ? ನಿಘಂಟಿನ್ಯಾಗ ನೋಡೇನಿ ಅಂತ ಹೇಳಿದ ಮ್ಯಾಲೂ ಇಲ್ಲ ಅಂತೀರಿ? ನಾಲ್ಕು ಮಂದಿ ಮುಂದ ನನ್ನ ಸುಳ್ಳ ಮಾಡ್ತೀರೇನ್ರಿ? ಹಿಂಗಾದ್ರ ಮುಂದಿನ ಮಾತು ಹ್ಯಾಂಗ್ರಿ?"

ಶಬ್ದ ಹುಟ್ಟಿಸಿದವನು ಇಲ್ಲವೆನ್ನುತ್ತಾನೆ, ನಿನ್ನೆಯವರೆಗೆ ಅದನ್ನು ಕೇಳದವನು ಇದೆ ಎಂದು ಪಟ್ಟು ಹಿಡಿದಿದ್ದಾನೆ! ಜಗಳ ಏರಿತು. ಇದೆ ಅನ್ನುವವರೊಂದು ಕಡೆ, ಇಲ್ಲ ಅನ್ನುವವರೊಂದು ಕಡೆ ಆದರು. ಸಿದ್ದಾರೂಢರ ಸೋದರಮಾವನೊಬ್ಬ ಬಿಳಗಿಯ ಕೆರೆಯಲ್ಲಿ ತಾನು ಸ್ವತಃ ಟಮಲ ನೋಡಿದ್ದೇನೆ ಎಂದು ಆಣೆ ಮಾಡಿದ. ಮುಧೋಳದವರು ಚಪ್ಪಲಿ ಹುಡುಕತೊಡಗಿದರು. ಐಶ್ವರ್ಯ ಅತ್ತೇಬಿಟ್ಟಳು.

"ಸಾಕ್ ಮಾಡ್ರೋ!" ಗುರುಬಸವ್ವ ಸೆರಗು ಕೊಡವಿದಳು. ಎಲ್ಲರೂ ತೆಪ್ಪಗಾದರು. "ಹೆಸರು ಐತಿ ಅಂತಾನ ನನ್ನ ಮಗ. ಅವನ ಮಾತು ಸುಳ್ಳಾಗಬಾರದು. ನಾ ಹುಟ್ಟಿಸಿದ್ದು ಅಂತಾರ ಬೀಗರು. ಅವರ ಮಾತೂ ಸುಳ್ಳಾಗಬಾರದು. ಅದಕ್ಕ ಹೆಸರಿಡೂದು ಖರೆ. ಆದ್ರ ನನ್ನ ಬಂಗಾರದಂಥ ಮೊಮ್ಮಗಳಿಗ್ಯಾಕ? ಶಬ್ದಾ ಹಡದವರ ಹೊತ್ಕೊಳ್ಳಲಿ. ತರ್ರಿ ಆ ಮಣಿ, ಬೀಗರನ್ನ ಅದರ ಮ್ಯಾಲ ಕುಂಡ್ರಸ್ರಿ!"

ಕೂರಿಸಿದರು. ಸಿದ್ದಾರೂಢರು ಮಗಳ ಮುಖ ನೋಡಿದರು. ಅಳುತ್ತಿದ್ದವಳು ಸೆರಗು ಬಾಯಿಗೆ ತುರುಕಿ ನಗು ತಡೆಯುತ್ತಿದ್ದಳು. ಶಂಕರೆಪ್ಪನವರೇ ಅಕ್ಕಿಯಲ್ಲಿ ಬೆರಳಾಡಿಸಿ ‘ಟಮಲಪ್ಪ’ ಎಂದು ಬರೆದರು. ಹೆಂಗಸರು ಆರತಿ ಎತ್ತಿದರು, ಮುದುಕಿ ಬಾಯಿಗೆ ಬೆಲ್ಲ ಹಾಕಿದಳು. ನಿಶ್ಚಯ ಸುಸೂತ್ರವಾಗಿ ಮುಗಿಯಿತು.

ಇಷ್ಟಕ್ಕೇ ನಿಂತಿದ್ದರೆ ಸಿದ್ದಾರೂಢರು ಹೇಗೋ ತಡೆದುಕೊಳ್ಳುತ್ತಿದ್ದರು. ಆದರೆ ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರು ಹಿಡಿಯುವುದಿಲ್ಲ. ಮದುವೆಯಾದ ದಿನದಿಂದ ಶೈಲಾ ಹೆಸರು ನುಂಗಿಕೊಂಡು, ‘ರೀ’, ‘ಅಲ್ರಿ’, ‘ಕೇಳ್ರಿಲ್ಲೆ’ ಎನ್ನುತ್ತಲೇ ಸಂಸಾರ ಮಾಡಿದವರು. ಮಗ್ಗದ ಸದ್ದಿನಲ್ಲಿ ‘ರೀ’ ಎಂದು ಕರೆದರೆ ತಮಗೆ ಕೇಳಿಸಲೇ ಇಲ್ಲವೆಂದು ಸಿದ್ದಾರೂಢರು ಜಾರಿಕೊಂಡದ್ದಕ್ಕೆ ಲೆಕ್ಕವಿಲ್ಲ. ಮರುದಿನ ಬೆಳಗ್ಗೆ ಅವರು ಪೆನ್ನು ಸಿಕ್ಕಿಸಿಕೊಂಡು ಮೆಲ್ಲಗೆ ಹೋಟೆಲಿನ ದಾರಿ ಹಿಡಿದಿದ್ದರು. ಹಿಂದಿನಿಂದ ಇಡೀ ಓಣಿಗೆ ಕೇಳುವಂತೆ ಕೂಗು ಬಂತು.

"ಟಮಲಪ್ಪಾ! ಏ ಟಮಲಪ್ಪಾ! ಎಲ್ಲಿ ಹೊಂಟಿ? ಮಗ್ಗದಾಗ ನೂಲು ಹರದೈತಿ, ಬಾ ಈ ಕಡೆ!"

ಸಿದ್ದಾರೂಢರು ಗರಬಡಿದವರಂತೆ ನಿಂತರು. "ಏನಿದು? ಗಂಡನ ಹೆಸರು ಹಿಡದು ಕರೀತೀ?"

"ನಿಮ್ಮ ಹೆಸರು ನಾ ಹಿಡದಿಲ್ಲಲ್ರಿ" ಎಂದರು ಶೈಲಾ ಬಾಗಿಲಲ್ಲಿ ಸೊಂಟದ ಮೇಲೆ ಕೈಯಿಟ್ಟು. "ಆ ಹೆಸರು ಹಿಡಿಯಂಗಿಲ್ಲ, ಅದು ಪಾಪ. ಇದು ಮುಧೋಳದವರು ಇಟ್ಟದ್ದು, ಅಂದ್ರ ನಡೀತೈತಿ." ಆಮೇಲೆ ಜೀವಮಾನವಿಡೀ ಗಂಟಲಲ್ಲಿ ಹಿಡಿದಿಟ್ಟದ್ದನ್ನೆಲ್ಲ ಒಮ್ಮೆಲೇ ಬಿಟ್ಟು ಕೂಗಿದರು: "ಲೇ ಟಮಲಪ್ಪಾ, ಬರ್ತೀಯೋ ಇಲ್ಲೋ?"

"ಬಂದ್ನಿರೀ" ಎಂದರು ಸಿದ್ದಾರೂಢರು.