ಮಾವನ ಮನೆಯ ಏರಿಗೆ ಟರ್ಬೊ

ಹಳೆಯ ಕಾರು ಇಟ್ಟುಕೊಂಡವನಿಗೆ ಬುದ್ಧಿ ಹೇಳುವ ಹಕ್ಕು ಊರಿಗೆಲ್ಲ ಇರುತ್ತದೆ. ಬಸ್‌ಸ್ಟ್ಯಾಂಡಿನಲ್ಲಿ ಬೀಡಾ ಕಟ್ಟುವವನೂ ಬಾನೆಟ್ಟಿನ ಕಡೆ ಕಿವಿಗೊಟ್ಟು, ಟಪೆಟ್ ಸದ್ದು ಬರುತ್ತಿದೆ ಎನ್ನುತ್ತಾನೆ. ನಾನು ಎಲ್ಲರಿಗೂ ತಲೆಯಾಡಿಸುತ್ತೇನೆ. ಯಂತ್ರಗಳ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೆ; ತಿಳಿದಿದೆ ಎಂಬ ಧೈರ್ಯಕ್ಕೆ ಮಾತ್ರ ಕೊರತೆಯಿಲ್ಲ. ನಾನು ಅಮ್ಮತ್ತಿ ಹತ್ತಿರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್. ಹೊರಗಿನವರು ಇದನ್ನು ಕೇಳಿ, ಏನೇನು ಬರೆದಿದ್ದೀರಿ ಎಂದು ಭಕ್ತಿಯಿಂದ ವಿಚಾರಿಸುತ್ತಾರೆ. ಆಳುಗಳ ಹಾಜರಿ ಬರೆದಿದ್ದೇನೆ ಎಂದರೆ ಅವರ ಮುಖ ಬಾಡುತ್ತದೆ. ಇಂಥ ಮನುಷ್ಯನಿಗೆ ಮನೆಯಲ್ಲಾದರೂ ಒಂದು ಸಾಧನೆ ಬೇಕೆನಿಸುವುದು ಸಹಜ.

ನನ್ನ ಕಾರು ಬಿಳಿಯದು, ಪುಟ್ಟದು, ಮೂರು ಸಿಲಿಂಡರಿನದು. ಮದುವೆಯಾದ ವರ್ಷ ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡದ್ದು. ಮಟ್ಟಸ ರಸ್ತೆಯಲ್ಲಿ ಅದರ ಮೇಲೆ ದೂರಿಲ್ಲ. ತೊಂದರೆಯೆಲ್ಲ ಮಾವನ ಮನೆಯ ಏರಿನದು. ಆ ಮನೆ ಶನಿವಾರಸಂತೆಯ ಆಚೆ ಒಂದು ಗುಡ್ಡದ ನೆತ್ತಿಯಲ್ಲಿದೆ. ಅರ್ಧ ಏರಿನಲ್ಲಿ ಕಾರು ಏದುಸಿರು ಬಿಡತೊಡಗಿದಾಗ ನನ್ನ ಹೆಂಡತಿ ಶೈಲಾ ಇಳಿದು, ಸೀರೆಯ ನೆರಿಗೆ ಎತ್ತಿ ಹಿಡಿದು ನಡೆಯುತ್ತಾಳೆ. ಭಾರ ಇಳಿದ ಕಾರು ಹೇಗೋ ಹತ್ತುತ್ತದೆ. ಹೀಗೆ ತವರಿನ ಅಂಗಳಕ್ಕೆ ಮೊದಲು ಅಳಿಯ ಬರುತ್ತಾನೆ, ಆಮೇಲೆ ಬೆವರೊರೆಸಿಕೊಳ್ಳುತ್ತ ಮಗಳು ಬರುತ್ತಾಳೆ. ಹೋದ ಸಲ ಅವಳ ತಂಗಿಯ ಗಂಡ ದಾರಿಯಲ್ಲಿ ತನ್ನ ಹೊಸ ಕಾರು ನಿಲ್ಲಿಸಿ ಅವಳನ್ನು ಹತ್ತಿಸಿಕೊಂಡು ಬಂದ. ಅಂದು ವಾಪಸು ಬರುವಾಗ ಶೈಲಾ ಮೆತ್ತಗೆ ಹೇಳಿದಳು:

“ತಮ್ಮನ ಮಗು ನಾಮಕರಣಕ್ಕೆ ಹೋಗುವಾಗ ನಾನು ಇನ್ನೊಂದ್ಸಲ ಇಳಿಯೋ ಹಾಗಾದ್ರೆ, ಈ ಕಾರನ್ನ ಗುಜರಿಗೆ ಹಾಕಿಬಿಡೋಣ ಕಣ್ರೀ.”

ಅವಳು ಕೂಗಾಡಿದರೆ ನಾನು ಹೆದರುವುದಿಲ್ಲ. ಮೆತ್ತಗೆ ಹೇಳಿದ್ದು ಮಾತ್ರ ನಡೆದೇ ತೀರುತ್ತದೆ ಎಂಬುದು ನನ್ನ ಅನುಭವ. ಆ ಕಾರಿನ ಮೇಲೆ ನನಗೆ ಪ್ರಾಣ. ನಾಮಕರಣಕ್ಕೆ ಇನ್ನೂ ಎರಡು ತಿಂಗಳಿತ್ತು. ಮೊಬೈಲಿನಲ್ಲಿ ವಿಡಿಯೊ ನೋಡಿ ನೋಡಿ ಕಾರಿಗೆ ಟರ್ಬೊ ಕೂರಿಸುವುದೆಂದು ನಿಶ್ಚಯಿಸಿ, ಮಾವನಿಗೂ ಫೋನ್ ಮಾಡಿ ಹೇಳಿದೆ. ಸೈಲೆನ್ಸರಿಗೆ ಹೋಗುವ ಹೊಗೆಯ ರಭಸದಿಂದ ಒಂದು ಚಕ್ರ ತಿರುಗುತ್ತದೆ, ಅದು ಎಂಜಿನ್ನಿಗೆ ಹೆಚ್ಚು ಗಾಳಿ ತುರುಕುತ್ತದೆ, ಒಲೆಗೆ ಊದುಗೊಳವೆ ಇದ್ದ ಹಾಗೆ ಎಂದು ಶೈಲಾಳಿಗೆ ವಿವರಿಸಿದೆ. ಸೌದೆ ಹಸಿಯಾಗಿದ್ದರೆ ಎಷ್ಟು ಊದಿದರೂ ಹೊಗೆಯೇ ಬರುವುದು ಎಂದು ಹೇಳಿ ಅವಳು ಪಾತ್ರೆ ತೊಳೆಯಲು ಎದ್ದಳು. ಸಂಶೋಧಕರ ಮನೆಗಳಲ್ಲಿ ಪ್ರೋತ್ಸಾಹ ಯಾವಾಗಲೂ ಇಷ್ಟೇ.

ಕುಶಾಲನಗರದ ಗುಜರಿಯಲ್ಲಿ ಯಾವುದೋ ಡೀಸೆಲ್ ಕಾರಿನ ಟರ್ಬೊ ಸಿಕ್ಕಿತು. ಅದನ್ನು ಮಗುವಿನ ಹಾಗೆ ಟವೆಲ್ಲಿನಲ್ಲಿ ಸುತ್ತಿಕೊಂಡು ಅಮ್ಮತ್ತಿಯ ಮಲಯಾಳಿ ಮೆಕ್ಯಾನಿಕ್ ಹಂಸಾಕನ ಮುಂದಿಟ್ಟೆ. ಅವನು ಅದನ್ನೂ ನನ್ನನ್ನೂ ಕಾರನ್ನೂ ನೋಡಿ, “ಪಾವಂ, ಪಾಪದ್ದು ಸಾರ್ ಈ ಎಂಜಿನ್, ಅದ್ರ ಬಾಯಿಗೆ ಇಷ್ಟು ಗಾಳಿ ತುರುಕ್ಬೇಡಿ,” ಎಂದ. ಆದರೂ ಕೆಲಸದ ರುಚಿ ಹತ್ತಿದ ಮೇಲೆ ಅವನನ್ನು ತಡೆಯುವವರಿರಲಿಲ್ಲ. ಕಬ್ಬಿಣದ ಪೈಪು ಬಗ್ಗಿಸಿ ವೆಲ್ಡ್ ಮಾಡಿದ, ಪೆಟ್ರೋಲಿಗೆ ಬೇರೆ ಪಂಪು ಹಾಕಿದ, ಕಾರ್ಬುರೇಟರಿಗೆ ಗಾಳಿ ಹೋಗಲು ದಪ್ಪ ರಬ್ಬರ್ ಹೋಸು ಕಟ್ಟಿದ. ಬಾನೆಟ್ ಮುಚ್ಚದಾಯಿತು, ಅದಕ್ಕೊಂದು ಹಗ್ಗ ಕಟ್ಟಿದೆವು.

ಗಾಳಿಯ ಒತ್ತಡ ತಿಳಿಯಲು ಒಂದು ಗೇಜು ಬೇಕಿತ್ತು. ಇಲ್ಲಿ ನನ್ನ ಬುದ್ಧಿ ಓಡಿತು. ಎಸ್ಟೇಟಿನ ಸ್ಟೋರಿನಲ್ಲಿ ಕಾಫಿ ಗಿಡಕ್ಕೆ ಮದ್ದು ಹೊಡೆಯುವ ಹಳೆಯ ಮೆಷಿನ್ನಿನ ಗೇಜು ಬಿದ್ದಿತ್ತು. ದೊರೆಗಳನ್ನು, ಅಂದರೆ ಎಸ್ಟೇಟಿನ ಮಾಲೀಕರನ್ನು, ಕೇಳಿ ತಂದು ಸ್ಟೀರಿಂಗಿನ ಪಕ್ಕ ಕೂರಿಸಿದೆ. ಅದರಲ್ಲಿ ನಲವತ್ತು ಕೆ.ಜಿ. ಒತ್ತಡದವರೆಗೆ ಗೆರೆಗಳಿದ್ದವು. ನಮಗೆ ಬೇಕಾದದ್ದು ಅರ್ಧ ಕೆ.ಜಿ. ಈ ಲೆಕ್ಕ ಹೊಳೆಯಬೇಕಾದ ಜಾಗದಲ್ಲಿ ನನಗೆ ಹೆಮ್ಮೆ ತುಂಬಿತ್ತು. ಪೊನ್ನಂಪೇಟೆ ರಸ್ತೆಯಲ್ಲಿ ಎಷ್ಟು ಓಡಿಸಿದರೂ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಗಾಳಿ ಹೆಚ್ಚಾದರೆ ತೆರೆದುಕೊಂಡು ಹೊರಬಿಡುವ ಪುಟ್ಟ ಬಾಗಿಲೊಂದು ಟರ್ಬೊಗೆ ಇರುತ್ತದೆ. ಅದು ಸಡಿಲವಾಗಿದೆಯೆಂದುಕೊಂಡು, ಹಂಸಾಕ ಚಹಾಕ್ಕೆ ಹೋಗಿದ್ದಾಗ ನಾನೇ ಸ್ಪ್ಯಾನರ್ ಹಿಡಿದು ಗಟ್ಟಿಯಾಗಿ ಬಿಗಿದೆ. ಮುಳ್ಳು ಆಗಲೂ ಮಿಸುಕಲಿಲ್ಲ. ಇನ್ನೆರಡು ಸುತ್ತು ಬಿಗಿದೆ.

ನಾಮಕರಣದ ದಿನ ಬೆಳಿಗ್ಗೆ ಕಾರು ಕುದುರೆಯ ಹಾಗೆ ಓಡಿತು. ಶೈಲಾ ಕೂಡ ಒಮ್ಮೆ, ಪರವಾಗಿಲ್ಲ ಎಂದಳು. ಏರು ಬಂತು. ಎರಡನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದೆ. ಅರ್ಧ ದಾರಿ ದಾಟಿದೆವು. ಅವಳು ಯಾವತ್ತೂ ಇಳಿಯುತ್ತಿದ್ದ ತಿರುವೂ ಹಿಂದಾಯಿತು. ನನ್ನ ಕಣ್ಣಲ್ಲಿ ನಿಜವಾಗಿ ನೀರು ಬಂತು. ಅಷ್ಟರಲ್ಲಿ ಬಾನೆಟ್ಟಿನೊಳಗೆ ಕೋವಿ ಹಾರಿದಂತೆ ಸದ್ದಾಗಿ ಕಾರು ನಿಂತುಬಿಟ್ಟಿತು. ಇಳಿದು ನೋಡಿದರೆ ರಬ್ಬರ್ ಹೋಸು ಕ್ಲಿಪ್ಪು ಕಿತ್ತುಕೊಂಡು ಜೋತಾಡುತ್ತಿತ್ತು. ಟರ್ಬೊಗೂ ಎಂಜಿನ್ನಿಗೂ ಸಂಬಂಧ ಕಡಿದು, ಕಾರು ಮತ್ತೆ ಮೊದಲಿನ ಕಾರೇ ಆಗಿತ್ತು.

ಶೈಲಾ ಇಳಿಯಲಿಲ್ಲ. ತನ್ನ ಸೀಟಿನಿಂದ ನನ್ನ ಸೀಟಿಗೆ ಸರಿದು ಕೂತಳು. ಅವಳಿಗೆ ಲೈಸೆನ್ಸ್ ಇದೆ. ಈ ಏರು ಹೆಂಗಸರಿಗೆ ಆಗುವಂಥದ್ದಲ್ಲವೆಂದು ನಾನೇ ಸ್ಟೀರಿಂಗ್ ಕೊಟ್ಟಿರಲಿಲ್ಲ. “ನೀವು ಸ್ವಲ್ಪ ಪಕ್ಕಕ್ಕೆ ಬನ್ನಿ,” ಎಂದು ಸ್ಟಾರ್ಟ್ ಮಾಡಿ ಒಂದನೇ ಗೇರು ಹಾಕಿದಳು. ಒಂದನೇ ಗೇರಿನಲ್ಲಿ ಎಂಜಿನ್ ಗಂಟಲು ಹರಿಯುವಂತೆ ಕಿರುಚುತ್ತದೆ. ಅದು ಮೇಲಿನವರಿಗೆ ಕೇಳಿಸಿದರೆ ಅಳಿಯನಿಗೆ ಗಾಡಿ ಓಡಿಸಲು ಬಾರದು ಎಂದುಕೊಂಡಾರೆಂದು ನಾನು ಇಷ್ಟು ವರ್ಷ ಎರಡರಿಂದ ಕೆಳಗೆ ಇಳಿದವನೇ ಅಲ್ಲ. ಕಾರು ಕಿರುಚಿಕೊಂಡು, ಒಮ್ಮೆಯೂ ನಿಲ್ಲದೆ, ಗುಡ್ಡ ಹತ್ತಿ ಹೋಯಿತು. ನಾನು ಹಿಂದೆ ನಡೆದೆ. ಆ ಏರು ಅಷ್ಟು ಉದ್ದವಿದೆಯೆಂದು ನನಗೆ ಗೊತ್ತಿರಲಿಲ್ಲ. ಅವಳನ್ನು ಎಷ್ಟು ಸಲ ಹೀಗೆ ನಡೆಸಿದೆನೆಂದು ಯೋಚಿಸಿ ನಾಚಿಕೆಯಾಯಿತು.

ಏದುಸಿರು ಬಿಡುತ್ತ ಅಂಗಳ ತಲುಪಿದಾಗ ಶೈಲಾ ಕೀಲಿಕೈಯನ್ನು ತನ್ನ ವ್ಯಾನಿಟಿ ಬ್ಯಾಗಿಗೆ ಹಾಕಿಕೊಂಡು ಮಗುವನ್ನು ಎತ್ತಿಕೊಂಡಿದ್ದಳು. ಮಾವ ಎದುರು ಬಂದು ನನ್ನ ಬೆನ್ನು ತಟ್ಟಿದರು.

“ಏನ್ ಸೌಂಡು ಅಳಿಯಂದ್ರೆ. ಟರ್ಬೊ ಅಂದ್ರೆ ಹಿಂಗಿರ್ಬೇಕು.”

ಶೈಲಾ ನನ್ನ ಕಡೆ ನೋಡಿದಳು. ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗಲಾರದು.

“ಇನ್ನೂ ಒಂಚೂರು ಟ್ಯೂನಿಂಗ್ ಬಾಕಿ ಇದೆ ಮಾವ,” ಎಂದೆ.